ಫ್ರೇಸಲ್ ವರ್ಬ್: ಕ್ರಿಯಾಪದ ಬಿಟ್ಟು ಬಾಲ ಹಿಡಿಯಿರಿ

ಇಂಗ್ಲಿಷ್ ಕ್ರಿಯಾಪದದ ಹಿಂದೆ ಅಪ್, ಆಫ್‌ನಂಥ ಚಿಕ್ಕ ಪದ ಸೇರಿ ಆಗುವ ಜೋಡಿಯೇ ಫ್ರೇಸಲ್ ವರ್ಬ್. ಪರೀಕ್ಷೆಗೆ ಓದುವವರ ನೋಟ್‌ಬುಕ್ಕಿನಲ್ಲಿ ಇವುಗಳ ಪಟ್ಟಿ ಹೆಚ್ಚುಕಡಿಮೆ ಒಂದೇ ನಮೂನೆ ಇರುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ 'ಗೆಟ್' ಎಂದು ಬರೆದು, ಕೆಳಗೆ ಗೆಟ್ ಅಪ್, ಗೆಟ್ ಆನ್, ಗೆಟ್ ಆಫ್, ಗೆಟ್ ಓವರ್, ಗೆಟ್ ಅವೇ, ಎದುರಿಗೆ ಕನ್ನಡ ಅರ್ಥ. ಮುಂದಿನ ಪುಟ 'ಟೇಕ್', ಅದರ ಮುಂದಿನದು 'ಪುಟ್'. ವಿಜಯಪುರದ ಕೋಚಿಂಗ್ ಕ್ಲಾಸಿನಲ್ಲಾಗಲಿ, ಬೆಳಗಾವಿಯ ಹಾಸ್ಟೆಲ್ ಕೋಣೆಯಲ್ಲಾಗಲಿ ಇದೇ ಪಟ್ಟಿ. ವಾರದೊಳಗೆ ಎಲ್ಲ ಕಲಸಿಹೋಗುತ್ತದೆ. ಅದು ಓದುವವರ ತಪ್ಪಲ್ಲ, ಪಟ್ಟಿ ಕಟ್ಟಿದ ರೀತಿಯೇ ತಲೆಕೆಳಗಾಗಿದೆ.

ಗೆಟ್, ಟೇಕ್, ಪುಟ್, ಕಮ್, ಗೋ ಇವುಗಳಲ್ಲಿ ಸ್ವಂತ ಅರ್ಥ ಬಹಳ ಉಳಿದಿಲ್ಲ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಸವೆದ ಪದಗಳೇ ಅವು. ಹಿಂದೆ ಬರುವ ಅಪ್, ಡೌನ್, ಆಫ್, ಔಟ್, ಆನ್, ಓವರ್ ಎಂಬ ಬಾಲದಲ್ಲೇ ಅರ್ಥದ ತೂಕ ಇದೆ. ಇದು ಹೊರಗಿನವರಿಗೆ ಅತಿ ಕಷ್ಟದ ಭಾಗ ಎಂದು ಸ್ಯಾಮುಯೆಲ್ ಜಾನ್ಸನ್ 1755ರಲ್ಲೇ ತಮ್ಮ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ ಬರೆದರು. ಆದರೆ ಕನ್ನಡದವರು ಅಷ್ಟು ಹೊರಗಿನವರಲ್ಲ. ಇಂಥದೇ ಒಂದು ಏರ್ಪಾಡು ನಮ್ಮ ನಾಲಿಗೆಯ ಮೇಲೆ ದಿನವಿಡೀ ಓಡಾಡುತ್ತದೆ.

'ಬರಿ' ಅನ್ನುವ ಒಂದೇ ಕ್ರಿಯಾಪದ ನೋಡಿ. ಬರಕೋ, ಬರದಿಡು, ಬರದುಕೊಡು, ಬರದುಬಿಡು, ಬರದುಹಾಕು. ಬರೆಯುವ ಕೆಲಸ ಬದಲಾಗಿಲ್ಲ, ಬಾಲ ಬದಲಾಗಿದೆ. ಯಾರ ಸಲುವಾಗಿ, ಉಳಿಯಲಿ ಅಂತಲೋ, ಒಮ್ಮೆ ಮುಗಿಯಲಿ ಅಂತಲೋ ಅನ್ನುವುದನ್ನೆಲ್ಲ ಕೊಳ್ಳು, ಇಡು, ಕೊಡು, ಬಿಡು, ಹಾಕು ಹೇಳುತ್ತವೆ. 'ಬಿಡು' ಎಂದರೆ ಏನು ಅಂತ ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ. ತಿಂದುಬಿಟ್ಟ, ಹೋಗಿಬಿಟ್ಟ, ಹೇಳಿಬಿಟ್ಟ ಎಂದು ಕೇಳಿ ಕೇಳಿ ಬಾಲದ ಬಣ್ಣ ತಿಳಿಯಿತು. ಬೆಳಗಾವಿಯ ಮರಾಠಿ ಮನೆಗಳಲ್ಲೂ ಹೀಗೇ: 'ಖಾವೂನ್ ಟಾಕ್' ಅಂದರೆ ತಿಂದುಬಿಡು, 'ಲಿಹೂನ್ ಠೇವ್' ಅಂದರೆ ಬರೆದಿಡು. ಇಂಗ್ಲಿಷ್ ಅದೇ ಜಾಗದಲ್ಲಿ ಎರಡನೆಯ ಕ್ರಿಯಾಪದದ ಬದಲು ದಿಕ್ಕಿನ ಪದ ಇಡುತ್ತದೆ. 'ಈಟ್ ಅಪ್' ಅಂದರೆ ತಿಂದುಬಿಡು, 'ರೈಟ್ ಡೌನ್' ಅಂದರೆ ಬರೆದಿಡು. ಒಂದಕ್ಕೊಂದು ಪೂರ್ತಿ ಸರಿಹೊಂದುತ್ತವೆ ಅಂತಲ್ಲ, ಕೆಲಸದ ರೀತಿ ಒಂದೇ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಪುಟ ಮಾಡಬೇಕಾದದ್ದು ಬಾಲಕ್ಕೆ. ಮೊದಲು 'ಅಪ್'ಗೆ ಒಂದು ಪುಟ. ಅದು ನಾಲ್ಕು ದಾರಿ ಹಿಡಿಯುತ್ತದೆ. ಮೊದಲನೆಯದು ನಿಜವಾಗಿ ಮೇಲಕ್ಕೆ: ಸ್ಟ್ಯಾಂಡ್ ಅಪ್, ಪಿಕ್ ಅಪ್. ಎರಡನೆಯದು ಹೆಚ್ಚಾಗುವುದು: ದನಿ ಏರಿಸಲು 'ಸ್ಪೀಕ್ ಅಪ್', ಬೆಲೆ ಏರಿದರೆ 'ಗೋ ಅಪ್', ಸಾರು ಬಿಸಿ ಮಾಡಲು 'ಹೀಟ್ ಅಪ್'. ಮೂರನೆಯದು ಕಣ್ಣೆದುರು ಬರುವುದು: ಕರೆಯದಿದ್ದರೂ ಬಂದವನು 'ಟರ್ನ್ಡ್ ಅಪ್', ಮೀಟಿಂಗಿನಲ್ಲಿ ಒಂದು ವಿಷಯ ಎದ್ದರೆ ಅದು 'ಕೇಮ್ ಅಪ್'.

ನಾಲ್ಕನೆಯದು ಪೂರ್ತಿಯಾಗುವುದು. ಯೂಸ್ ಅಪ್, ಫಿಲ್ ಅಪ್, ಡ್ರಿಂಕ್ ಅಪ್, ಟೇರ್ ಅಪ್ ಎಲ್ಲ ಇಲ್ಲಿ ಬರುತ್ತವೆ. ಇಲ್ಲೇ ಹೆಚ್ಚು ತಪ್ಪು ನಡೆಯುವುದು. 'ಅಪ್' ಹತ್ತಿದ ಕೂಡಲೇ ಕೆಲಸಕ್ಕೊಂದು ಕೊನೆ ಬೇಕು. ತಾಟಿನಲ್ಲಿರುವ ರೊಟ್ಟಿ ತಿಂದು ಮುಗಿಸು ಅನ್ನಲು 'ಈಟ್ ಅಪ್ ಯುವರ್ ರೊಟ್ಟಿ' ಸರಿ. 'ನಾವು ದಿನಾ ರೊಟ್ಟಿ ತಿಂತೀವಿ' ಅನ್ನಲು 'ಈಟ್ ಅಪ್' ಬರುವುದಿಲ್ಲ, ರೂಢಿಗೆ ಕೊನೆ ಇಲ್ಲವಲ್ಲ. ಕನ್ನಡದಲ್ಲಿ 'ಪೂರ್ತಿ' ಅನ್ನುವ ಪದ ಸೇರಿಸಿ ನೋಡಿ. ಸೇರಿದರೆ 'ಅಪ್' ಇಡಬಹುದೋ ಎಂದು ಯೋಚಿಸಿ, ಸೇರದಿದ್ದರೆ ಕೈಬಿಡಿ.

ಬಾಲಗಳ ನಡುವಿನ ಅಂತರ ಚೆನ್ನಾಗಿ ಕಾಣುವುದು ಒಂದೇ ಕ್ರಿಯಾಪದವನ್ನು ಗಟ್ಟಿಯಾಗಿ ಹಿಡಿದುಕೊಂಡಾಗ. 'ಕಟ್' ಸಾಕು. ಬೇವಿನ ಗಿಡವನ್ನು ಬುಡದಿಂದ ಕಡಿದು ಕೆಡವಿದರೆ 'ಕಟ್ ಡೌನ್'. ಬಿದ್ದ ಗಿಡವನ್ನು ಒಲೆಗೆ ತುಂಡು ತುಂಡು ಮಾಡಿದರೆ 'ಕಟ್ ಅಪ್'. ಗಿಡ ನಿಂತೇ ಇದ್ದು ಒಂದು ಟೊಂಗೆ ಮಾತ್ರ ತೆಗೆದರೆ 'ಕಟ್ ಆಫ್'. ಹುಳ ಹತ್ತಿದ ಭಾಗವನ್ನು ಒಳಗಿಂದ ಕೆತ್ತಿ ತೆಗೆದರೆ 'ಕಟ್ ಔಟ್'. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಏಪ್ರಿಲ್‌ನಲ್ಲಿ ಮಾಡುವ ಚಾಟ್ನಿ, ಅಂದರೆ ಬಳ್ಳಿ ಸವರುವುದು, 'ಕಟ್ ಬ್ಯಾಕ್': ಬಳ್ಳಿ ಸಾಯಬಾರದು, ಬೆಳೆದದ್ದು ಹಿಂದಕ್ಕೆ ಬರಬೇಕು. ಮನೆ ಖರ್ಚು ತಗ್ಗಿಸುವುದಕ್ಕೂ 'ಕಟ್ ಬ್ಯಾಕ್' ಅನ್ನುವುದು ಇದೇ ಕಾರಣಕ್ಕೆ. ಕತ್ತರಿಸುವುದು ಎಲ್ಲ ಕಡೆ ಒಂದೇ. ನೆಲಕ್ಕೆ ಬಿತ್ತೋ, ಚೂರಾಯಿತೋ, ಬೇರೆಯಾಯಿತೋ, ಹೊರಬಂತೋ, ಹಿಂದಕ್ಕೆ ಸರಿಯಿತೋ ಎಂದು ಹೇಳುವುದು ಬಾಲ.

'ಆಫ್' ಮೂಲದಲ್ಲಿ ಅಗಲುವಿಕೆ. ಇಂಗ್ಲಿಷಿನ 'ಆವ್' ಮತ್ತು 'ಆಫ್' ಹಿಂದೆ ಒಂದೇ ಪದವಾಗಿದ್ದವು. ಒತ್ತಿ ಹೇಳಿದ ರೂಪ 'ಆಫ್' ಆಗಿ ಬೇರೆ ನಿಂತಿತು. ನಮ್ಮಲ್ಲಿ ಎರಡನ್ನೂ 'ಆಫ್' ಎಂದೇ ಓದುವ ರೂಢಿ ಇದೆ, ಅದನ್ನು ಮೊದಲು ಬಿಡಬೇಕು. ಒಂದು ಎಫ್ ಇರುವುದಕ್ಕೆ ಕೊನೆಯಲ್ಲಿ 'ವ್' ದನಿ, ಎರಡು ಎಫ್ ಇರುವುದಕ್ಕೆ 'ಫ್' ದನಿ. ಅಗಲುವುದು ಎಂದು ಹಿಡಿದರೆ ಚಪ್ಪಲಿ 'ಟೇಕ್ ಆಫ್', ಊರು ಬಿಟ್ಟು ಹೊರಟರೆ 'ಸೆಟ್ ಆಫ್', ಬಸ್ ಸ್ಟ್ಯಾಂಡಿಗೆ ಹೋಗಿ ಕಳಿಸಿ ಬಂದರೆ 'ಸೀ ಆಫ್', ಗೊತ್ತಾದ ಕಾರ್ಯಕ್ರಮ ರದ್ದಾದರೆ 'ಕಾಲ್ ಆಫ್', ಮುಂದಕ್ಕೆ ಹಾಕಿದರೆ 'ಪುಟ್ ಆಫ್' ಎಲ್ಲ ಒಂದೇ ಸಾಲಿಗೆ ಬರುತ್ತವೆ. ತಲೆ ಕೆಡಿಸುವುದು 'ಗೋ ಆಫ್'. ಲೈಟ್ ಗೋಸ್ ಆಫ್ ಅಂದರೆ ಲೈಟ್ ಹೋಯಿತು, ಆದರೆ ಅಲಾರಂ ಗೋಸ್ ಆಫ್ ಅಂದರೆ ಅಲಾರಂ ಹೊಡೆಯಿತು! ಬ್ರಿಟಿಷರ ಮಾತಿನಲ್ಲಿ ಹಾಲು ಗೋಸ್ ಆಫ್ ಅಂದರೆ ಹಾಲು ಕೆಟ್ಟಿತು. ಮೂರಕ್ಕೂ ಒಂದೇ ಸೂತ್ರ ನೆನಪಿಡಿ: ಇದ್ದ ಸ್ಥಿತಿಯನ್ನು ಬಿಟ್ಟು ಹೋಯಿತು. ಲೈಟ್ ಉರಿಯುವುದನ್ನು ಬಿಟ್ಟಿತು, ಅಲಾರಂ ಸುಮ್ಮನಿರುವುದನ್ನು ಬಿಟ್ಟಿತು, ಹಾಲು ಚೆನ್ನಾಗಿರುವುದನ್ನು ಬಿಟ್ಟಿತು.

'ಔಟ್'ಗೆ ಹೊರಗೆ ಎಂಬ ಅರ್ಥದ ಜೊತೆ ಇನ್ನೆರಡು ಇವೆ. ಗುಟ್ಟು ಹೊರಬರುವುದು: ಫೈಂಡ್ ಔಟ್, ವರ್ಕ್ ಔಟ್, ಪಾಯಿಂಟ್ ಔಟ್. ಇದ್ದದ್ದು ತೀರಿಹೋಗುವುದು: ರನ್ ಔಟ್, ಡೈ ಔಟ್, ಬೆಂಕಿ ಆರಿಸಲು ಪುಟ್ ಔಟ್. ಜಮಖಂಡಿ, ಮುಧೋಳದ ಕಬ್ಬಿನ ಹೊಲದ ಮೋಟಾರ್ ಒಂದನ್ನೇ ಹಿಡಿದರೆ ಈ ಪುಟಗಳೆಲ್ಲ ಒಟ್ಟಿಗೆ ಕೈಗೆ ಬರುತ್ತವೆ. ತ್ರೀ ಫೇಸ್ ಕರೆಂಟ್ ಬಂತು: 'ದಿ ಪವರ್ ಕೇಮ್ ಆನ್'. ಸ್ಟಾರ್ಟರ್ ಒತ್ತಿದರು: 'ಸ್ವಿಚ್ಡ್ ಇಟ್ ಆನ್'. ವೋಲ್ಟೇಜ್ ಇಳಿದು ಮೋಟಾರ್ ತಾನೇ ಗಕ್ಕನೆ ನಿಂತಿತು: 'ಕಟ್ ಔಟ್'. ಬೇಕೆಂದೇ ನಿಲ್ಲಿಸಿದ್ದರೆ 'ಸ್ವಿಚ್ಡ್ ಇಟ್ ಆಫ್' ಆಗುತ್ತಿತ್ತು, ಕೆಟ್ಟು ನಿಂತಿದ್ದರೆ 'ಬ್ರೋಕ್ ಡೌನ್'. ಕಾಯಿಲ್ ಸುಟ್ಟು ವೈಂಡಿಂಗ್ ಅಂಗಡಿಗೆ ಒಯ್ಯುವ ಹಾಗಾದರೆ 'ಬರ್ನ್ಟ್ ಔಟ್'. ಇಲ್ಲಿ 'ಬರ್ನ್ಟ್ ಡೌನ್' ಅಂದರೆ ತಪ್ಪು. ಅದು ಗುಡಿಸಲು, ಕಟ್ಟಡ ಸುಟ್ಟು ನೆಲಕ್ಕೆ ಬಿದ್ದಾಗ ಬಳಸುವುದು. ಬೋರ್ ಬತ್ತಿದರೆ 'ಡ್ರೈಡ್ ಅಪ್', ಪೂರ್ತಿ ಅನ್ನುವ ಅಪ್. ನೀರು ಮುಗಿದರೆ 'ದಿ ವಾಟರ್ ರ್‍ಯಾನ್ ಔಟ್', ಆದರೆ ನಮ್ಮ ಹತ್ತಿರ ನೀರು ಮುಗಿಯಿತು ಅನ್ನಲು 'ವಿ ರ್‍ಯಾನ್ ಔಟ್ ಆವ್ ವಾಟರ್'. ಆ 'ಆವ್' ಬಿಟ್ಟರೆ ವಾಕ್ಯವೇ ಮುರಿಯುತ್ತದೆ.

ಉಳಿದವನ್ನು ಬೇಗ ಮುಗಿಸಬಹುದು. 'ಡೌನ್' ತಗ್ಗಿಸುತ್ತದೆ (ಸ್ಲೋ ಡೌನ್), ಕಾಗದಕ್ಕಿಳಿಸುತ್ತದೆ (ನೋಟ್ ಡೌನ್), ನಿಲ್ಲಿಸುತ್ತದೆ (ಕ್ಲೋಸ್ ಡೌನ್). 'ಆನ್' ಅಂಟಿಸುತ್ತದೆ, ಇಲ್ಲವೇ ಮುಂದುವರಿಸುತ್ತದೆ: ಅಂಗಿ 'ಪುಟ್ ಆನ್', ಮಾತು 'ಗೋ ಆನ್'. 'ಓವರ್' ಕೈ ಬದಲಿಸುತ್ತದೆ, ಚಾರ್ಜ್ ಒಪ್ಪಿಸುವುದು 'ಹ್ಯಾಂಡ್ ಓವರ್'. ಅದೇ 'ಓವರ್' ಇನ್ನೊಮ್ಮೆ ಕಣ್ಣಾಡಿಸುವುದಕ್ಕೂ ಬರುತ್ತದೆ, 'ಗೋ ಓವರ್'. 'ಬ್ಯಾಕ್' ಹೆಚ್ಚಾಗಿ ಮರಳುವುದು, ಇಲ್ಲವೇ ಹಿಂದಕ್ಕೆ ಸರಿಯುವುದು.

ಇನ್ನು ಬಾಲ ಎಲ್ಲಿ ಕೂರಬೇಕು ಅನ್ನುವ ಪ್ರಶ್ನೆ. 'ಟರ್ನ್ ಆಫ್ ದಿ ಫ್ಯಾನ್', 'ಟರ್ನ್ ದಿ ಫ್ಯಾನ್ ಆಫ್' ಎರಡೂ ಸರಿ. ಆದರೆ 'ಇಟ್' ಬಂದರೆ ಒಂದೇ ದಾರಿ: 'ಟರ್ನ್ ಇಟ್ ಆಫ್'. 'ಟರ್ನ್ ಆಫ್ ಇಟ್' ಯಾವತ್ತೂ ಇಲ್ಲ. ಇದಕ್ಕೆ ನಮ್ಮ ಮನೆಮಾತೇ ಆಧಾರ. ನಾವು 'ಅದನ್ನ ಆಫ್ ಮಾಡು' ಅನ್ನುತ್ತೇವೆ. ಅದನ್ನ, ಆಮೇಲೆ ಆಫ್. ಇಂಗ್ಲಿಷ್ ಕ್ರಿಯಾಪದವನ್ನು ಮುಂದಕ್ಕೆ ತಂದು ಉಳಿದ ಸಾಲನ್ನು ಹಾಗೇ ಇಡುತ್ತದೆ: ಟರ್ನ್, ಇಟ್, ಆಫ್. ಕರ್ಮಪದ ಉದ್ದವಾದರೆ ಮಾತ್ರ ಬಾಲವನ್ನು ಮೊದಲೇ ಹೇಳಿ ಮುಗಿಸಬೇಕು. 'ಹಿತ್ತಲ ಬಾಗಿಲ ಹತ್ತಿರ ಇರೋ ಲೈಟ್' ಎನ್ನುವಷ್ಟು ಉದ್ದದ್ದನ್ನು ನಡುವೆ ತುರುಕಿದರೆ ಕೇಳುವವರಿಗೆ ಕೊನೆಯ 'ಆಫ್' ತಲುಪುವಷ್ಟರಲ್ಲಿ ಎಳೆ ತಪ್ಪುತ್ತದೆ.

ಎಲ್ಲ ಬಾಲಗಳೂ ಹೀಗೆ ಸರಿದಾಡುವುದಿಲ್ಲ. 'ಲುಕ್ ಆಫ್ಟರ್', 'ಲುಕ್ ಫಾರ್', 'ಲುಕ್ ಇನ್‌ಟು' ಇವುಗಳಲ್ಲಿ ಎರಡನೆಯ ಪದ ಮುಂದಿನ ನಾಮಪದಕ್ಕೆ ಅಂಟಿಕೊಂಡಿದೆ, ಹಾಗಾಗಿ 'ಲುಕ್ ಆಫ್ಟರ್ ಇಟ್'. ಗೋಳಗುಮ್ಮಟದ ಮೆಟ್ಟಿಲು ಓಡಿ ಏರಿದರೆ 'ರ್‍ಯಾನ್ ಅಪ್ ದಿ ಸ್ಟೆಪ್ಸ್', ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆಸಿದರೆ 'ರ್‍ಯಾನ್ ಅಪ್ ಎ ಬಿಲ್'. ಮೇಲ್ನೋಟಕ್ಕೆ ಒಂದೇ. ಸರ್ವನಾಮ ಹಾಕಿ: ಮೆಟ್ಟಿಲು 'ರ್‍ಯಾನ್ ಅಪ್ ದೆಮ್', ಬಿಲ್ 'ರ್‍ಯಾನ್ ಇಟ್ ಅಪ್'. ಕಿವಿಯಿಂದಲೂ ಗುರುತು ಸಿಗುತ್ತದೆ. ಸರಿದಾಡುವ ಬಾಲದ ಮೇಲೆ ಒತ್ತು ಬೀಳುತ್ತದೆ, 'ಟರ್ನ್ ಇಟ್' ಹಗುರ, 'ಆಫ್' ಜೋರು. 'ಲುಕ್ ಅಟ್ ಇಟ್' ಅನ್ನುವಾಗ 'ಅಟ್' ಕೇಳಿಸಿಯೂ ಕೇಳಿಸದ ಹಾಗೆ ಹೋಗುತ್ತದೆ. ನಾವು ಎಲ್ಲ ಪದಕ್ಕೂ ಒಂದೇ ತೂಕ ಕೊಟ್ಟು ಓದುವುದರಿಂದ ಈ ಸುಳಿವು ಕೈತಪ್ಪುತ್ತದೆ. ಗಟ್ಟಿಯಾಗಿ ಓದುವ ಅಭ್ಯಾಸ ಇದಕ್ಕಾಗಿಯೇ ಬೇಕು.

ಕನ್ನಡದೊಳಗೆ ಬಂದು ನೆಲೆಸಿದ ಪಿಕಪ್, ಬ್ಯಾಕಪ್, ಚೆಕಪ್, ಲಾಗಿನ್‌ಗಳು ಇನ್ನೊಂದು ತೊಡಕು ಇಡುತ್ತವೆ. ನಮಗೆ ಅವು ಇಡಿಯಾದ ಪದ, ಹಿಂದೆ 'ಮಾಡು' ಹಚ್ಚಿದರೆ ಆಯಿತು. ಅದೇ ಅಭ್ಯಾಸದಲ್ಲಿ ಇಂಗ್ಲಿಷ್ ಬರೆಯುವಾಗ 'ಪಿಕಪ್ಡ್', 'ಲಾಗಿನ್ಡ್' ಹುಟ್ಟುತ್ತವೆ. ನಾಮಪದವಾದಾಗ ಮಾತ್ರ ಇವು ಒಂದೇ ಪದ, ಒತ್ತು ಮೊದಲ ಭಾಗದ ಮೇಲೆ. ಕ್ರಿಯೆಯಾದಾಗ ಬಿಡಿಸಿ ಬರೆಯಬೇಕು, ಭೂತಕಾಲ ಕ್ರಿಯಾಪದಕ್ಕೆ ಹತ್ತಬೇಕು: ಪಿಕ್ಡ್ ಅಪ್, ಬ್ಯಾಕ್ಡ್ ಅಪ್, ಲಾಗ್ಡ್ ಇನ್.

ನೋಟ್‌ಬುಕ್ಕಿಗೆ ಮರಳಿದರೆ, ಆರು ಬಾಲಗಳಿಗೆ ಆರು ಪುಟ ಸಾಕು: ಅಪ್, ಡೌನ್, ಆಫ್, ಔಟ್, ಆನ್, ಓವರ್. ಪುಟವನ್ನು ಅರ್ಥದ ದಾರಿಗಳಿಗೆ ತಕ್ಕಂತೆ ಭಾಗ ಮಾಡಿ. ಪ್ರತಿಯೊಂದಕ್ಕೂ ಬಿಡಿ ಅರ್ಥದ ಬದಲು ನಿಮ್ಮ ಮನೆ, ಹೊಲ, ಆಫೀಸಿನ ಒಂದು ಪೂರ್ತಿ ವಾಕ್ಯ ಬರೆಯಿರಿ, ಅದರ ಕೆಳಗೆ 'ಇಟ್' ಹಾಕಿ ಅದೇ ವಾಕ್ಯ ಇನ್ನೊಮ್ಮೆ. ಹೊಸದೊಂದು ಕಿವಿಗೆ ಬಿದ್ದರೆ ಮೊದಲು ಯಾವ ಭಾಗಕ್ಕೆ ಸೇರುತ್ತದೆ ಎಂದು ಊಹಿಸಿ, ಆಮೇಲೆ ನಿಘಂಟು ತೆಗೆಯಿರಿ. ಎಲ್ಲಿಯೂ ಕೂರದವು ಇದ್ದೇ ಇರುತ್ತವೆ: ತಂದೆ ತಾಯಿಯನ್ನು ಹೋಲುವ 'ಟೇಕ್ ಆಫ್ಟರ್', ಸಹಿಸಿಕೊಳ್ಳುವ 'ಪುಟ್ ಅಪ್ ವಿತ್'. ಅವನ್ನು ಕೊನೆಯ ಪುಟಕ್ಕೆ ಹಾಕಿ ಬಾಯಿಪಾಠ ಮಾಡುವುದೇ ಸರಿ, ಬಲವಂತದ ಕಾರಣ ಹುಡುಕಬೇಡಿ. ಒಂದೇ ಕ್ರಿಯಾಪದದ ಅಣ್ಣತಮ್ಮಂದಿರನ್ನು ಒಂದೇ ದಿನ ಕಲಿಯಬೇಡಿ. 'ಗಿವ್ ಅಪ್' ತಾನೇ ಕೈಬಿಡುವುದು, 'ಗಿವ್ ಇನ್' ಇನ್ನೊಬ್ಬರ ಹಟಕ್ಕೆ ಮಣಿಯುವುದು. ಎರಡನ್ನೂ ಒಟ್ಟಿಗೆ ಬರೆದವರಿಗೆ ಪರೀಕ್ಷೆಯ ಹಾಳೆಯ ಮುಂದೆ ಎರಡೂ ಒಂದೇ ಆಗಿ ಕಾಣುತ್ತವೆ.

ನಮ್ಮ ಕಡೆ ಬೇರೂರಿದ ಒಂದು ತಪ್ಪು 'ಕೋಪ್ ಅಪ್ ವಿತ್'. 'ಕೀಪ್ ಅಪ್ ವಿತ್', 'ಕ್ಯಾಚ್ ಅಪ್ ವಿತ್' ಇವುಗಳ 'ಅಪ್' ಹಾರಿ ಬಂದು ಕೂತದ್ದು. ಸರಿಯಾದದ್ದು 'ಕೋಪ್ ವಿತ್' ಮಾತ್ರ. ಇನ್ನೊಂದು ಅರ್ಜಿಯ ಮೇಲ್‌ಗಳ ಕೊನೆಯ ಸಾಲಿನಲ್ಲಿ ಸಿಗುತ್ತದೆ: 'ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು'. 'ಟು' ಕಂಡ ಕೂಡಲೇ ಕ್ರಿಯಾಪದದ ಮೂಲರೂಪ ಹಾಕುವುದು ಶಾಲೆಯಿಂದ ಬಂದ ರೂಢಿ. ಈ 'ಟು' ಆ ಜಾತಿಯದಲ್ಲ. ಎದುರಿಗೆ 'ಇಟ್' ಇಟ್ಟು ನೋಡಿ. 'ವಾಂಟ್ ಟು ಇಟ್' ನಿಲ್ಲುವುದಿಲ್ಲ, ಹಾಗಾಗಿ ಅಲ್ಲಿ 'ಹಿಯರ್'. 'ಲುಕ್ ಫಾರ್ವರ್ಡ್ ಟು ಇಟ್' ನಿಲ್ಲುತ್ತದೆ, ಹಾಗಾಗಿ ಇಲ್ಲಿ 'ಹಿಯರಿಂಗ್'.