1921ರ ಡಾಲರಿನ ಮೇಲಿನ ಗೆರೆ

ಓಹೈಯೋದ ಕೊಲಂಬಸ್ಸಿಗೆ ಬಂದು ಆರು ವರ್ಷವಾಗಿದ್ದರೂ ನಾಣ್ಯದ ಮೇಳಕ್ಕೆ ಹೋಗಿದ್ದು ಕಳೆದ ಫೆಬ್ರವರಿಯಲ್ಲೇ ಮೊದಲು. ಹೊರಗೆ ಹಿಮ. ಒಳಗೆ ಸಾಲುಸಾಲು ಮೇಜು, ಮೇಜಿಗೊಂದು ಕತ್ತು ಬಗ್ಗಿಸಿದ ದೀಪ. ನನಗೆ ಬೇಕಿದ್ದದ್ದು ಒಂದೇ ಒಂದು: 1921ರ ಮಾರ್ಗನ್ ಡಾಲರ್ ಎಂಬ ಅಮೆರಿಕದ ಬೆಳ್ಳಿ ನಾಣ್ಯ, ಚಲಾವಣೆಯಲ್ಲಿ ಸವೆಯದೇ ಇರುವಂಥದ್ದು.

ಆ ವರ್ಷದ್ದೇ ಬೇಕು ಅನ್ನಿಸಿದ್ದಕ್ಕೆ ಕಾರಣ ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿದೆ. ಅಜ್ಜಿಯ ಕಾಲದ ಒಂದು ಬೆಳ್ಳಿ ರೂಪಾಯಿ, ಐದನೇ ಜಾರ್ಜ್ ತಲೆಯದ್ದು, 1918ನೇ ಇಸವಿಯದ್ದು. ಮೊದಲ ಮಹಾಯುದ್ಧದ ಆ ಹೊತ್ತಿಗೆ ನಮ್ಮಲ್ಲಿ ಜನ ನೋಟು ಕೊಟ್ಟು ಬೆಳ್ಳಿ ಕೇಳುತ್ತಿದ್ದರು, ಸರ್ಕಾರದ ಹತ್ತಿರ ಬೆಳ್ಳಿ ಸಾಲದಾಗಿತ್ತು. ಬ್ರಿಟನ್ ಅಮೆರಿಕದ ಮೊರೆ ಹೋಯಿತು. 1918ರ ಪಿಟ್‌ಮನ್ ಕಾಯ್ದೆಯಡಿ ಅಮೆರಿಕ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರಲ್ಲಿ ಬಹುಪಾಲು ಬೆಳ್ಳಿ ಹೋದದ್ದು ಇಂಡಿಯಾದ ರೂಪಾಯಿಗೆ. ಕರಗಿಸಿದಷ್ಟನ್ನೂ ಮತ್ತೆ ಟಂಕಿಸಬೇಕೆಂದು ಕಾಯ್ದೆಯಲ್ಲೇ ಇತ್ತು. ಹಾಗಾಗಿ 1904ಕ್ಕೆ ನಿಂತಿದ್ದ ಮಾರ್ಗನ್ ಡಾಲರ್ 1921ರಲ್ಲಿ ಮತ್ತೆ ಹುಟ್ಟಿತು. ಫಿಲಡೆಲ್ಫಿಯಾದ ಟಂಕಸಾಲೆ ಒಂದರಲ್ಲೇ ಆ ವರ್ಷ ನಾಲ್ಕೂವರೆ ಕೋಟಿಯ ಹತ್ತಿರ ಹೊಡೆದರು. ನನಗೆ ಈ ಎರಡು ನಾಣ್ಯ ಒಂದೇ ಕಥೆಯ ಎರಡು ತುದಿಯ ಹಾಗೆ ಕಾಣುತ್ತವೆ.

ಮೂರನೇ ಮೇಜಿನಲ್ಲಿ ಒಂದು ಸಿಕ್ಕಿತು. ಹಿಂಭಾಗದಲ್ಲಿ ಹಾರದ ಗಂಟಿನ ಕೆಳಗೆ ಟಂಕಸಾಲೆಯ ಗುರುತಿನ ಅಕ್ಷರವಿಲ್ಲ, ಅಂದರೆ ಫಿಲಡೆಲ್ಫಿಯಾದ್ದು. ದೀಪದಡಿ ಹೊರಳಿಸಿದರೆ ಹೊಳಪು ಚಕ್ರದ ಅರಗಳ ಹಾಗೆ ಸುತ್ತುತ್ತಿತ್ತು. ಆದರೆ ಅಂಚಿನ ಹತ್ತಿರ ಅಕ್ಷರಗಳ ನೆತ್ತಿ ಸವರಿಕೊಂಡು ಕೂದಲೆಳೆಯಂಥ ಒಂದು ಗೆರೆ ಹೋಗಿತ್ತು. ‘ಅಯ್ಯೋ, ಗೀರು ಬಿದ್ದಿದೆ’ ಅಂದುಕೊಂಡು ವಾಪಸ್ ಇಡಲು ಕೈ ಚಾಚಿದೆ.

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹಿರಿಯರೊಬ್ಬರು ತಮ್ಮ ಹತ್ತುಪಟ್ಟಿನ ಭೂತಗನ್ನಡಿ ಮುಂದೆ ಮಾಡಿ, “ಇಡುವ ಮೊದಲು ಒಂದು ಸಲ ಸರಿಯಾಗಿ ನೋಡಿ” ಅಂದರು.

ನೋಡಿದೆ. ಗೀರಾಗಿದ್ದರೆ ಎತ್ತರವಿರುವ ಅಕ್ಷರದ ತಲೆಗಳ ಮೇಲಷ್ಟೇ ತಾಗಿ, ನಡುವಿನ ತಗ್ಗನ್ನು ಬಿಟ್ಟು ಜಿಗಿಯಬೇಕಿತ್ತು. ಇದು ಹಾಗಿರಲಿಲ್ಲ. ಒಂದು ಅಕ್ಷರದ ತುದಿಯಿಂದ ಇಳಿದು, ನಡುವಿನ ಬಯಲನ್ನು ದಾಟಿ, ಮುಂದಿನ ಅಕ್ಷರವನ್ನು ಏರಿತ್ತು. ಎಲ್ಲೂ ಕಡಿದಿಲ್ಲ. ನೇರವೂ ಇಲ್ಲ, ಬೇಸಿಗೆಯ ಕೆರೆಯಂಗಳದ ಬಿರುಕಿನ ಹಾಗೆ ಸಣ್ಣಗೆ ಓಲಾಡಿಕೊಂಡು ಹೋಗಿತ್ತು. ದೀಪದ ಕಡೆಗೆ ಓರೆ ಮಾಡಿದಾಗ ಗೆರೆಯ ದೀಪದ ಕಡೆಯ ಮಗ್ಗುಲು ಬೆಳಗಿ, ಆಚೆ ಮಗ್ಗುಲಲ್ಲಿ ನೆರಳು ಬಿತ್ತು. ಉಬ್ಬಿದ ಗೆರೆ! ನಾಣ್ಯದ ಹೊಳಪು ಅದರ ಮೇಲೂ ತಡೆಯಿಲ್ಲದೆ ಹರಿದಿತ್ತು.

ಉಕ್ಕಿನ ಅಚ್ಚು ಟನ್‌ಗಟ್ಟಲೆ ಒತ್ತಡಕ್ಕೆ ಸಿಕ್ಕಿ ಸಿಕ್ಕಿ ದಣಿದು ಬಿರಿಯುತ್ತದೆ. ಮುಂದಿನ ಏಟಿಗೆ ಬೆಳ್ಳಿ ಆ ಸಂದಿಗೂ ನುಗ್ಗುತ್ತದೆ. ಅಚ್ಚಿನಲ್ಲಿ ತಗ್ಗಾಗಿದ್ದದ್ದು ನಾಣ್ಯದಲ್ಲಿ ಉಬ್ಬಾಗಿ ಉಳಿಯುತ್ತದೆ. ಗೀರು ನಾಣ್ಯ ಹುಟ್ಟಿದ ಮೇಲೆ ಬಿದ್ದ ಪೆಟ್ಟು, ಬಿರುಕು ಅದರ ಹುಟ್ಟುಗುರುತು. ಈ ಡಾಲರುಗಳ ಅಚ್ಚಿನ ಭೇದಗಳನ್ನು ವ್ಯಾನ್ ಆಲೆನ್ ಮತ್ತು ಮಾಲಿಸ್ ಎಂಬಿಬ್ಬರು ಪಟ್ಟಿ ಮಾಡಿದ್ದಾರೆ. ಅದಕ್ಕೇ ಅವನ್ನು ಅವರ ಹೆಸರಿನ ಮೊದಲಕ್ಷರಗಳು ಸೇರಿದ ವ್ಯಾಮ್ (VAM) ಸಂಖ್ಯೆಯಿಂದ ಕರೆಯುತ್ತಾರೆ. ನ್ಯೂ ಆರ್ಲಿಯನ್ಸಿನಲ್ಲಿ ಟಂಕಿಸಿದ 1888ರ ಒಂದು ಡಾಲರಿನಲ್ಲಿ ಬಿರುಕು ನಾಣ್ಯದ ಮೇಲಿನ ಲಿಬರ್ಟಿ ದೇವಿಯ ಮುಖವನ್ನೇ ಹಾದುಹೋಗಿದೆ. ‘ಸ್ಕಾರ್‌ಫೇಸ್’ ಎಂಬ ಆ ನಾಣ್ಯಕ್ಕೆ ಜನ ಮುಗಿಬೀಳುತ್ತಾರೆ. ನನ್ನದು ಅಷ್ಟು ದೊಡ್ಡದೇನಲ್ಲ, 1921ರ ನಾಣ್ಯಗಳಲ್ಲಿ ಇಂಥ ಬಿರುಕು ಆಗಾಗ ಸಿಗುತ್ತದೆ. ಆದರೂ ಇಂಡಿಯಾಕ್ಕೆ ಹೋದ ಬೆಳ್ಳಿಯನ್ನು ತುಂಬಿಕೊಡಲು ದುಡಿದ ಅಚ್ಚು ಇದು, ದುಡಿದ ಗುರುತು ಬೆರಳಡಿಯಲ್ಲಿದೆ ಅನ್ನಿಸಿ ಮೈ ಜುಮ್ಮೆಂದಿತು.

ಗ್ರೇಡಿನಲ್ಲಿ ಮಾತ್ರ ಎಡವಿದೆ. ನಾಣ್ಯದ ಸ್ಥಿತಿಯನ್ನು ಅಳೆಯುವ ಶೆಲ್ಡನ್ ಮಾಪನ 1ರಿಂದ 70ರವರೆಗೆ. 60ರಿಂದ ಮೇಲಿನದ್ದು ಚಲಾವಣೆಯ ಸವೆತವೇ ಇಲ್ಲದ ನಾಣ್ಯ. ನಾನು 63 ಎಂದೆ, ಹಿರಿಯರು 58 ಎಂದರು. ಕಿವಿಯ ಮೇಲಿನ ಕೂದಲು ಚಪ್ಪಟೆಯಾಗಿದ್ದದ್ದು ನನಗೂ ಕಂಡಿತ್ತು. 1921ರದ್ದಕ್ಕೆ ಉಬ್ಬೇ ಕಡಿಮೆ, ಅಚ್ಚು ಸರಿಯಾಗಿ ಒತ್ತಿಲ್ಲ ಎಂದು ವಾದಿಸಿದೆ. “ಒತ್ತು ಸಾಲದಿದ್ದರೆ ಅಲ್ಲೂ ಹೊಳಪಿರುತ್ತದೆ. ಕೆನ್ನೆ ನೋಡಿ, ಹದ್ದಿನ ಎದೆ ನೋಡಿ” ಅಂದರು. ಕೆನ್ನೆಯ ದಿಬ್ಬದ ಮೇಲೆ ಹೊಳಪು ಬಂದು ನಿಂತುಬಿಡುತ್ತಿತ್ತು. ಅಲ್ಲಿ ಉಗುರಿನ ತುದಿಯಷ್ಟಗಲ ಬೂದುಬಣ್ಣ. ಎಷ್ಟು ಹೊರಳಿಸಿದರೂ ಅಷ್ಟು ಜಾಗಕ್ಕೆ ಜೀವ ಬರಲಿಲ್ಲ. ಯಾರದೋ ಜೇಬಿನಲ್ಲಿ ಕೆಲವು ದಿನವಾದರೂ ಓಡಾಡಿದ ನಾಣ್ಯ. 58ರ ಬೆಲೆಗೇ ಕೊಂಡೆ.

ರಾತ್ರಿ ಅಮ್ಮನಿಗೆ ವಿಡಿಯೋ ಕರೆ ಮಾಡಿ ರೂಪಾಯಿ ತೆಗೆಸಿದೆ. ಪರದೆಯಲ್ಲೇ ಕಂಡಿತು, ಮೈತುಂಬ ಒಂದೇ ದಿಕ್ಕಿನ ನವುರಾದ ಗೀರುಗಳು. ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ಹುಣಸೆಹಣ್ಣು ಹಾಕಿ ಉಜ್ಜಿದ್ದು. ಗ್ರೇಡ್ ಮಾಡುವವರ ಕೈಗೆ ಕೊಟ್ಟರೆ ‘ತೊಳೆದದ್ದು’ ಎಂದು ಬರೆದು ಪಕ್ಕಕ್ಕಿಡುತ್ತಾರೆ.

“ಲಕ್ಷ್ಮಿ ಮುಂದೆ ಇಡೋದನ್ನ ಕಪ್ಪಗೆ ಇಡಕ್ಕಾಗುತ್ತೇನೋ?” ಅಂದರು ಅಮ್ಮ.

“ಕಮಲದ ಕೆಳಗೆ ಒಂದು ಚುಕ್ಕೆ ಇದೆಯಾ ನೋಡಮ್ಮ. ಇದ್ದರೆ ಬಾಂಬೆ ಟಂಕಸಾಲೆಯದ್ದು.”

ಕನ್ನಡಕ ಹಾಕಿಕೊಂಡು ಕಿಟಕಿ ಹತ್ತಿರ ಹೋದರು. “ಇದೆ ಕಣೋ. ರಾಗಿಕಾಳಿಗಿಂತ ಸಣ್ಣದು.”

“ಈ ವರ್ಷದಿಂದ ಉಜ್ಜಬೇಡಮ್ಮ. ನೀರಲ್ಲಿ ಅದ್ದಿ, ಬಟ್ಟೆ ಮೇಲಿಟ್ಟು ಒಣಗಿಸು, ಸಾಕು.”

ಸ್ವಲ್ಪ ಹೊತ್ತು ರೂಪಾಯಿಯನ್ನೇ ನೋಡುತ್ತಿದ್ದರು. “ಆಯ್ತು, ಉಜ್ಜಲ್ಲ. ಕಳಶದೊಳಗೆ ಮಾತ್ರ ಹಾಕ್ತೀನಿ.”