ಅಪರಾಧವನ್ನು ಎಷ್ಟು ಸಲ ತೂಗಬೇಕು?

ಜೀವಾವಧಿ ಕೈದಿಯ ಅವಧಿಪೂರ್ವ ಬಿಡುಗಡೆಯ ಕಡತದಲ್ಲಿ ಜೈಲು ಅಧೀಕ್ಷಕರ ವರದಿ, ಪೊಲೀಸ್ ವರದಿ, ಶಿಕ್ಷೆ ವಿಧಿಸಿದ ನ್ಯಾಯಾಲಯದ ಅಭಿಪ್ರಾಯ ಎಲ್ಲವೂ ಕಾಲಕ್ರಮದಲ್ಲಿ ಬದಲಾಗಬಹುದು, ಎಸಗಿದ ಕೃತ್ಯವೊಂದು ಮಾತ್ರ ಬದಲಾಗದು. ಅದರ ತೀವ್ರತೆಯನ್ನು ಶಿಕ್ಷೆ ವಿಧಿಸುವಾಗಲೇ ತೂಗಲಾಗಿರುತ್ತದೆ. ಕೊಲೆಯಂಥ ಪ್ರಕರಣಗಳಲ್ಲಿ ಕನಿಷ್ಠ 14 ವರ್ಷ ಸೆರೆವಾಸ ಪೂರೈಸಲೇಬೇಕೆಂಬ ಕಾನೂನು ಅದನ್ನು ಮತ್ತೊಮ್ಮೆ ತೂಗಿರುತ್ತದೆ. ಹೀಗಿರುವಾಗ ಬಿಡುಗಡೆಯ ಹಂತದಲ್ಲಿ ಮೂರನೆಯ ಸಲ ತೂಗುವುದಾದರೆ ಯಾವ ಆಧಾರದ ಮೇಲೆ?

ಅವಧಿಪೂರ್ವ ಬಿಡುಗಡೆಗೆ ಪರಿಗಣಿಸಬೇಕೆಂದು 2000ದ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಐದು ಅಂಶಗಳಲ್ಲಿ, ಕೃತ್ಯವು ಒಬ್ಬ ವ್ಯಕ್ತಿಗೆ ಸೀಮಿತವೋ ಇಡೀ ಸಮಾಜವನ್ನು ಬಾಧಿಸುವಂಥದ್ದೋ ಎಂಬುದೊಂದೇ ಹಿಂದಿನದನ್ನು ಕೆದಕುತ್ತದೆ. ಉಳಿದವು ಕೈದಿಯ ಇಂದು ಮತ್ತು ನಾಳೆಗೆ ಸಂಬಂಧಿಸಿದವು. ಆದರೂ ‘ಘೋರ ಅಪರಾಧ’ ಎಂಬ ಒಂದು ಷರಾ ಮಿಕ್ಕೆಲ್ಲವನ್ನೂ ನುಂಗಿಹಾಕಬಲ್ಲದು. ಮಹಿಳೆಯೊಬ್ಬರ ಕೊಲೆ ಮತ್ತು ಸುಲಿಗೆಗಾಗಿ ಕೇರಳದ ಜೈಲಿನಲ್ಲಿ 26 ವರ್ಷಕ್ಕೂ ಮಿಕ್ಕಿ ಕಳೆದಿದ್ದ ಜೋಸೆಫ್ ಎಂಬ ಕೈದಿಯ ಬಿಡುಗಡೆಗೆ, ಇಂಥ ಅರ್ಜಿಗಳನ್ನು ಪರಿಶೀಲಿಸುವ ಸಲಹಾ ಮಂಡಳಿ ಒಂದಕ್ಕಿಂತ ಹೆಚ್ಚು ಸಲ ಶಿಫಾರಸು ಮಾಡಿದರೂ ಸರ್ಕಾರ ಒಪ್ಪಲಿಲ್ಲ. ಮಹಿಳೆಯರನ್ನು ಕೊಂದವರಿಗೆ ಈ ರಿಯಾಯಿತಿಯೇ ಇಲ್ಲವೆಂಬ ನಿಯಮ 2022ರಲ್ಲಿ ಬಂತು. ಸುಧಾರಣೆಯನ್ನು ಲೆಕ್ಕಿಸದೆ ಅಪರಾಧದ ಬಗೆಯೊಂದನ್ನೇ ನೋಡಿ ಬಿಡುಗಡೆ ನಿರಾಕರಿಸುವುದು ಸಂವಿಧಾನಬಾಹಿರವೆಂದು 2023ರ ಸೆಪ್ಟೆಂಬರ್‌ನಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಆತನ ತಕ್ಷಣದ ಬಿಡುಗಡೆಗೆ ಆದೇಶಿಸಿತು. ಕೊಲೆಯಾದವರ ಮನೆಯವರಿಗೆ ಇದು ಹಿತವೆನಿಸಲಿಕ್ಕಿಲ್ಲ. ಆ ನೋವನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ, ಆದರೆ ನನಗೆ ಈ ತೀರ್ಪು ಸರಿಯೆನಿಸುತ್ತದೆ.

ಬೆಂಗಳೂರಿನ ಶ್ರದ್ಧಾನಂದ ಪ್ರಕರಣ ಇದಕ್ಕೆ ತದ್ವಿರುದ್ಧ. ಹೆಂಡತಿಯನ್ನು ಕೊಂದು ಮನೆಯಂಗಳದಲ್ಲೇ ಹೂತಿದ್ದ ಆತನಿಗೆ ಗಲ್ಲು ಅತಿಯಾಯಿತು, ಮಾಫಿ (ಶಿಕ್ಷೆಯ ಅವಧಿಯಲ್ಲಿ ಸಿಗುವ ಕಡಿತ) ಕಳೆದು ಸುಮಾರು 14 ವರ್ಷಕ್ಕಿಳಿಯುವ ಜೀವಾವಧಿ ತೀರಾ ಕಡಿಮೆಯಾಯಿತು ಎಂದು ಭಾವಿಸಿದ ಸುಪ್ರೀಂ ಕೋರ್ಟ್‌ನ ತ್ರಿಸದಸ್ಯ ಪೀಠ, 2008ರಲ್ಲಿ ಉಸಿರಿರುವವರೆಗೆ ಬಿಡುಗಡೆಯಿಲ್ಲದ ಸೆರೆವಾಸ ವಿಧಿಸಿತು. ತೆರೆದ ನ್ಯಾಯಾಲಯದಲ್ಲಿ ಎರಡೂ ಕಡೆಯ ವಾದ ಆಲಿಸಿ, ಕಾರಣ ಬರೆದು ಮಾಡಿದ ಈ ತೂಕ, ಕಡತದ ಮೂಲೆಯ ಷರಾಕ್ಕಿಂತ ಪ್ರಾಮಾಣಿಕವಾದುದು ಎಂಬುದನ್ನು ಒಪ್ಪುತ್ತೇನೆ. ಆದರೆ ಇಪ್ಪತ್ತು ವರ್ಷಗಳ ನಂತರ ಆ ಮನುಷ್ಯ ಏನಾಗಿರುತ್ತಾನೆಂಬುದನ್ನು ಅಂದಿನ ಯಾವ ಪೀಠವೂ ಕಾಣಲಾರದು.

ತೀವ್ರತೆಯನ್ನು ಮಂಡಳಿ ಪರಿಗಣಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಆ ಕೃತ್ಯದ ಹಿಂದಿದ್ದ ಕ್ರೌರ್ಯ ಅಥವಾ ದುರಾಸೆ ಇಂದಿಗೂ ಆ ವ್ಯಕ್ತಿಯಲ್ಲಿ ಉಳಿದಿದೆಯೆಂದು ತೋರಿಸುವ ಸಂಗತಿ ಕಡತದಲ್ಲಿದ್ದರೆ ಅದನ್ನು ಬರೆಯಲಿ. ಅರ್ಜಿ ಮಂಜೂರಾಗಲಿ, ತಿರಸ್ಕೃತವಾಗಲಿ, ಸಂಕ್ಷಿಪ್ತವಾಗಿಯಾದರೂ ಕಾರಣ ದಾಖಲಿಸಿ ಜೈಲಿನ ಮೂಲಕ ಕೈದಿಗೆ ತಿಳಿಸಬೇಕೆಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ‘ಘೋರ ಅಪರಾಧ’ ಎಂಬ ಎರಡೇ ಪದಗಳನ್ನು ಕಾರಣವೆಂದು ನಾನಂತೂ ಒಪ್ಪಲಾರೆ.