ಈ ಹೀರೋ ಪೊಲೀಸ್ ಥರ ಕಾಣ್ತಾನಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹೊಸ ಪೊಲೀಸ್ ಸಿನಿಮಾ ಬಂತೆಂದರೆ ನನಗೆ ಒಂದಾದರೂ ಮೆಸೇಜ್ ಬಂದೇ ಬರುತ್ತದೆ. "ನೀನು ಪೊಲೀಸ್ ಮನೆಯವಳು ಅಲ್ವಾ, ಹೇಳು, ಈ ಹೀರೋ ಪೊಲೀಸ್ ಥರ ಕಾಣ್ತಾನಾ?" ಅಪ್ಪ ಚಿತ್ರದುರ್ಗದಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದರು. ನಾನು ಬೆಳೆದದ್ದು ಪೊಲೀಸ್ ಕ್ವಾರ್ಟರ್ಸ್‌ನಲ್ಲಿ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಒಂದೇ ಸಲ ಬರೆಯುತ್ತಿದ್ದೇನೆ.

ಹೀಗೆ ಕೇಳುವವರ ಮನಸ್ಸಿನಲ್ಲಿ ಇರುವುದು ಸಾಮಾನ್ಯವಾಗಿ ಎತ್ತರ, ಮೀಸೆ, ಎದೆ, ದನಿ. ನನಗೆ ಅವು ಲೆಕ್ಕಕ್ಕೇ ಬರುವುದಿಲ್ಲ. ಕ್ವಾರ್ಟರ್ಸ್‌ನಲ್ಲಿ ಕುಳ್ಳಗಿದ್ದವರು, ಹೊಟ್ಟೆ ಬಂದವರು, ಮಾತಾಡಿದರೆ ಪಕ್ಕದ ಮನೆಗೂ ಕೇಳಿಸದಷ್ಟು ಮೆಲುದನಿಯವರು, ಎಲ್ಲರೂ ಇದ್ದರು. ಅವರೆಲ್ಲ ಪೊಲೀಸರೇ. ನಾನು ನೋಡುವುದು ಬೇರೆ.

ಮನೆಗೆ ಮೊಬೈಲ್ ಬಂದ ಹೊಸತು. ಅಪ್ಪ ಗಣಪತಿ ಬಂದೋಬಸ್ತ್ ಮುಗಿಸಿ ರಾತ್ರಿ ಬಂದರು. ಬೆಲ್ಟ್ ಬಿಚ್ಚಿ ಮೊಳೆಗೆ ಹಾಕಿ, ಲುಂಗಿ ಉಟ್ಟು ಊಟಕ್ಕೆ ಕೂತರು. ಮುದ್ದೆಯ ಮೊದಲ ತುತ್ತು ಮುರಿದಿದ್ದರಷ್ಟೇ, ಸಾಹೇಬರ ಫೋನ್ ಬಂತು. ಅಪ್ಪ ಎದ್ದು ನಿಂತರು. ಎಡಗೈಯಲ್ಲಿ ಫೋನ್, ಬಲಗೈ ಬೆರಳಿನಿಂದ ಸಾರು ತೊಟ್ಟಿಕ್ಕುತ್ತಿದೆ, ಬರಿಗಾಲಿನ ಹಿಮ್ಮಡಿ ಎರಡೂ ತಾವಾಗಿಯೇ ಕೂಡಿಕೊಂಡಿವೆ. "ಸಾರ್... ಸಾರ್... ಆಯ್ತು ಸಾರ್." ಸಾಹೇಬರಿಗೆ ಇದೇನೂ ಕಾಣುವುದಿಲ್ಲ ಅಂತ ಅಪ್ಪನಿಗೆ ಗೊತ್ತಿಲ್ಲವಾ? ಗೊತ್ತು. ಆದರೂ ಮೈ ನಿಲ್ಲುತ್ತದೆ. ಅರ್ಧ ಗಂಟೆ ಹಿಂದೆ ಇದೇ ಅಪ್ಪ, ಗೇಟಿನ ಹತ್ತಿರ ಕುಡಿದು ಕಿತ್ತಾಡುತ್ತಿದ್ದ ಇಬ್ಬರನ್ನು ಲಾಠಿ ಎತ್ತದೆ, ದನಿಯನ್ನೂ ಎತ್ತದೆ, "ಏನ್ರಪ್ಪಾ" ಅಂತ ಒಂದು ಮಾತು ಕೇಳಿ ಮನೆಗೆ ಕಳಿಸಿದ್ದರು.

ಪೊಲೀಸ್ ಅಂದರೆ ನನಗೆ ಇದು. ಮೇಲಿನವರ ಮುಂದೆ ಒಂದು ಮೈ, ಕೆಳಗಿನವರ ಮುಂದೆ ಇನ್ನೊಂದು ಮೈ. ದಿನಕ್ಕೆ ಹತ್ತಾರು ಸಲ ಒಂದರಿಂದ ಇನ್ನೊಂದಕ್ಕೆ ಹೋಗಿ ಬರಬೇಕು. ನಮ್ಮ ಸಿನಿಮಾ ಹೀರೋಗಳಿಗೆ ಸಾಮಾನ್ಯವಾಗಿ ಎರಡನೆಯ ಮೈ ಮಾತ್ರ ಇರುತ್ತದೆ. ಹೀರೋ ಹೋಗಿ ಕಮಿಷನರ್ ಟೇಬಲ್ ಮೇಲೆ ಕೈ ಗುದ್ದಿ ಮಾತಾಡುತ್ತಾನೆ, ಮಂತ್ರಿಯ ಕಾಲರ್ ಹಿಡಿಯುತ್ತಾನೆ. ಅವನಿಗೆ ಮೇಲೆ ಯಾರೂ ಇಲ್ಲ. ಅಲ್ಲಿಗೆ ನನ್ನ ನಂಬಿಕೆ ಹೋಯಿತು.

ಎರಡೂ ಮೈಯನ್ನು ಪೂರ್ತಿ ತೋರಿಸಿದವರು ಯಾರು ಅಂದರೆ, ನಾನು ಮೊದಲು ಹೇಳುವ ಹೆಸರು ಓಂ ಪುರಿ. 1983ರ ಹಿಂದಿ ಸಿನಿಮಾ 'ಅರ್ಧ ಸತ್ಯ'ದಲ್ಲಿ ಅವರು ಮುಂಬೈನ ಸಬ್ ಇನ್ಸ್‌ಪೆಕ್ಟರ್. ಆ ಪಾತ್ರದ ಅಪ್ಪ ನಿವೃತ್ತ ಕಾನ್‌ಸ್ಟೇಬಲ್. ರಾಮಾ ಶೆಟ್ಟಿ ಎಂಬ ದೊಡ್ಡ ಕುಳವನ್ನು ಹಿಡಿಯಲು ಹೋಗಿ ಬರಿಗೈಯಲ್ಲಿ ವಾಪಸ್ ಬರಬೇಕಾಗುತ್ತದೆ. ಮೇಲೆ ಹಾಕಲಾಗದ ಆ ಸಿಟ್ಟು ಕೆಳಗೆ ಇಳಿಯುತ್ತದೆ. ಕೊನೆಗೆ ಲಾಕಪ್‌ನಲ್ಲಿದ್ದ ಒಬ್ಬ ಬಡಪಾಯಿ ಇವನ ಏಟಿಗೆ ಸಾಯುತ್ತಾನೆ. ಓಂ ಪುರಿ ಅದನ್ನು ಕಿರುಚಿ ತೋರಿಸುವುದಿಲ್ಲ. ದವಡೆ ಬಿಗಿಯಾಗುತ್ತಾ ಹೋಗುತ್ತದೆ, ಅಷ್ಟೇ. ನೋಡುತ್ತಾ ನೋಡುತ್ತಾ ನನಗೆ ಹೆದರಿಕೆಯಾಯಿತು, ಯಾಕೆಂದರೆ ಅಂಥ ದವಡೆಗಳನ್ನು ನಾನು ನಮ್ಮ ಬೀದಿಯಲ್ಲೇ ನೋಡಿದ್ದೆ.

ಕನ್ನಡದಲ್ಲಿ 2019ರ 'ಕವಲುದಾರಿ'ಯ ರಿಷಿ ನನಗೆ ತುಂಬಾ ಹತ್ತಿರ. ಟ್ರಾಫಿಕ್ ಸಬ್ ಇನ್ಸ್‌ಪೆಕ್ಟರ್. ನೆಲ ಅಗೆದಾಗ ಮೂಳೆಗಳು ಸಿಗುತ್ತವೆ, ಇವನಿಗೆ ಆ ಕೇಸ್ ಬೇಕು, ಆದರೆ ಅದು ಇವನ ಕೆಲಸವಲ್ಲ. ಡಿಪಾರ್ಟ್‌ಮೆಂಟ್‌ನಲ್ಲಿ ಆಸೆಪಟ್ಟ ಕೆಲಸ ಒಂದು, ಸಿಕ್ಕ ಪೋಸ್ಟಿಂಗ್ ಇನ್ನೊಂದು ಅನ್ನುವ ಸಂಕಟವಿದೆಯಲ್ಲ, ಅದು ಆ ಹುಡುಗನ ಭುಜದಲ್ಲೇ ಕಾಣುತ್ತದೆ. ಅದೇ ಸಿನಿಮಾದಲ್ಲಿ ನಿವೃತ್ತ ಅಧಿಕಾರಿಯಾಗಿ ಅನಂತ್ ನಾಗ್ ಇದ್ದಾರೆ. ಅವರ ಮೈಮೇಲೆ ಖಾಕಿ ಇಲ್ಲ. ಆದರೂ ಇವರು ಪೊಲೀಸ್ ಆಗಿದ್ದವರು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಸಣ್ಣಪುಟ್ಟವು. ಟೋಪಿ ಇಲ್ಲದಾಗ ಪೊಲೀಸರು ಕೈಯೆತ್ತಿ ಸೆಲ್ಯೂಟ್ ಹೊಡೆಯುವುದಿಲ್ಲ, ಸಾವಧಾನ್‌ನಲ್ಲಿ ನೆಟ್ಟಗೆ ನಿಲ್ಲುತ್ತಾರೆ. ಸಿನಿಮಾದಲ್ಲಿ ಬರಿ ತಲೆಯಲ್ಲೇ ಸೆಲ್ಯೂಟ್. ಇನ್ಸ್‌ಪೆಕ್ಟರ್ ಭುಜದಲ್ಲಿ ಮೂರು ಸ್ಟಾರ್ ಜೊತೆ ಕೆಂಪು ನೀಲಿ ಪಟ್ಟಿ ಇರುತ್ತದೆ, ಅವರ ಮೇಲಿನ ಅಧಿಕಾರಿ ಡಿವೈಎಸ್‌ಪಿಗೆ ಮೂರು ಸ್ಟಾರ್ ಇದ್ದರೂ ಆ ಪಟ್ಟಿ ಇಲ್ಲ. ಇದನ್ನು ಅದಲು ಬದಲು ಮಾಡಿದರೆ ಕ್ವಾರ್ಟರ್ಸ್‌ನ ಐದನೇ ಕ್ಲಾಸ್ ಮಗು ಕೂಡ ಹಿಡಿಯುತ್ತದೆ. ಆದರೆ ಇವು ಕಾಸ್ಟ್ಯೂಮ್‌ನವರ ತಪ್ಪು, ನಟನ ತಪ್ಪಲ್ಲ. ಇದಕ್ಕಾಗಿ ನಾನು ಯಾರ ನಟನೆಯನ್ನೂ ತಳ್ಳಿಹಾಕುವುದಿಲ್ಲ.

ನಟನಿಂದ ನಾನು ನಿಜಕ್ಕೂ ಕೇಳುವುದು ಇನ್ನೊಂದಿದೆ: ಬರೆಯುವುದು. ಸ್ಟೇಷನ್ ಕೆಲಸದಲ್ಲಿ ಎಷ್ಟೊಂದು ಭಾಗ ಬರೀ ಬರವಣಿಗೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ದೂರು, ಹೇಳಿಕೆ, ಪಂಚರನ್ನು, ಅಂದರೆ ಸಾಕ್ಷಿಗಳನ್ನು, ಕೂರಿಸಿಕೊಂಡು ಕಂಡದ್ದನ್ನು ದಾಖಲಿಸುವ ಮಹಜರು, ಸ್ಟೇಷನ್ ಡೈರಿ. ಒಬ್ಬನನ್ನು ಅರೆಸ್ಟ್ ಮಾಡಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ಹಾಗಾಗಿ ಕಳ್ಳ ಸಿಕ್ಕ ರಾತ್ರಿ, ಇದನ್ನೆಲ್ಲ ಬರೆಯುವ ಪೊಲೀಸ್ ಆದ ಸ್ಟೇಷನ್ ರೈಟರ್‌ಗೆ ನಿದ್ದೆ ಇಲ್ಲ. ಅಪ್ಪ ಕೆಲವು ವರ್ಷ ರೈಟರ್ ಆಗಿದ್ದರು. ಅವರ ಬಲಗೈ ನಡುಬೆರಳಿನಲ್ಲಿ ಪೆನ್ನು ಒತ್ತಿ ಒತ್ತಿ ಆದ ಗಟ್ಟಿ ಗಂಟು ಈಗಲೂ ಇದೆ. ಎದುರಿಗೆ ಒಬ್ಬ ಹೆಣ್ಣುಮಗಳು ಅಳುತ್ತಾ ಹೇಳುತ್ತಿದ್ದಾಳೆ, ಇವರು ತಲೆ ಎತ್ತದೆ "ಹ್ಞೂಂ, ಆಮೇಲೆ?" ಅನ್ನುತ್ತಾರೆ. ಮನಸ್ಸು ಕಲ್ಲಾಗಿ ಅಲ್ಲ. ತಲೆ ಎತ್ತಿದರೆ ಬರೆಯಲು ಆಗುವುದಿಲ್ಲ. ಆ "ಆಮೇಲೆ"ಯನ್ನು ಸರಿಯಾಗಿ ಹೇಳುವ ನಟ ಸಿಕ್ಕರೆ ಅವನಿಗೆ ನನ್ನ ಒಂದು ಸೆಲ್ಯೂಟ್. ಎಷ್ಟೋ ಸಲ ಅಂಥವನು ಹೀರೋ ಆಗಿರುವುದಿಲ್ಲ, ಹಿಂದೆ ರಿಜಿಸ್ಟರ್ ಹಿಡಿದು ನಿಂತ ಪೋಷಕ ನಟ ಆಗಿರುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ನೀವು ನನ್ನನ್ನು ಕೇಳುವ ಪ್ರಶ್ನೆಯನ್ನು ನಾನು ಅಪ್ಪನನ್ನು ಕೇಳಿದ್ದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಸಾಯಿಕುಮಾರ್." 1996ರ 'ಪೊಲೀಸ್ ಸ್ಟೋರಿ'ಯ ಅಗ್ನಿ. ನಾನು ಇಲ್ಲಿ ಬೇಡ ಅಂದದ್ದೆಲ್ಲ ಆ ಪಾತ್ರದಲ್ಲಿ ಇದೆ, ಗುಡುಗಿನಂಥ ದನಿ, ಉಸಿರು ಬಿಡದ ಡೈಲಾಗ್, ಯಾರಿಗೂ ಬಗ್ಗದ ಕತ್ತು. ಯಾವ ಸ್ಟೇಷನ್‌ನಲ್ಲೂ ಯಾರೂ ಹಾಗೆ ಮಾತಾಡಲ್ಲವಲ್ಲ ಅಪ್ಪ ಅಂದೆ.

"ಹೌದು ಕಣಮ್ಮ, ಮಾತಾಡೋ ಹಂಗಿಲ್ಲ," ಅಂದರು. "ನಾವು ಗಂಟಲಲ್ಲೇ ನುಂಗ್ಕೊಂಡಿದ್ದನ್ನ ಅವರು ಅಲ್ಲಿ ನಿಂತ್ಕೊಂಡು ಹೇಳ್ತಿದ್ರು. ಬ್ಯಾರಕ್‌ನವರೆಲ್ಲ ಹೋಗಿ ಎರಡೆರಡು ಸಲ ನೋಡಿ ಬಂದ್ವಿ."